ತಳ ಕಾಣುವ ನೀರು

ಈಜುತ್ತಾ ಈಜುತ್ತಾ ಯಾರಾದರೂ ಬೀಳುತ್ತಾರೆಯೇ?

ಮೆಟ್ಟಿಲಿನಿಂದ ಬೀಳಬಹುದು. ಸೈಕಲ್ಲಿನಿಂದ ಬೀಳಬಹುದು. ನಮ್ಮ ಮಾನ್ವಿ ಬಸ್ಸಿನ ಫುಟ್‌ಬೋರ್ಡಿನಿಂದಂತೂ ಧಾರಾಳವಾಗಿ ಬೀಳಬಹುದು. ಆದರೆ ನೀರಿನ ಮೇಲೆ ತೇಲುತ್ತಿರುವವರು ಬೀಳುವುದು ಎಲ್ಲಿಗೆ?

ಹೋದ ತಿಂಗಳು ಬೆಂಗಳೂರಿನ ಈಜುಕೊಳವೊಂದರಲ್ಲಿ ನಮ್ಮ ಹುಲಿಗೆಮ್ಮ ನೂರು ಮೀಟರ್ ಸ್ಪರ್ಧೆಗೆ ಧುಮುಕಿದಳು. ಅರ್ಧ ಕೊಳ ದಾಟುವಷ್ಟರಲ್ಲಿ ಉಳಿದವರೆಲ್ಲ ಅವಳ ಕಾಲಿನ ಹಿಂದೆ. ನಾನು ಗ್ಯಾಲರಿಯಲ್ಲಿ ಎದ್ದು ನಿಂತಿದ್ದೆ. ಆಗ ಹುಡುಗಿ ಥಟ್ಟನೆ ಕೈ ನಿಲ್ಲಿಸಿದಳು. ಲೇನಿನ ಹಗ್ಗವನ್ನು ಎರಡೂ ಕೈಯಿಂದ ತಬ್ಬಿಕೊಂಡು ಕೂಗಿದಳು.

“ಸಾಹೇಬ್ರ! ಬೀಳಾಕತ್ತೀನ್ರಿ! ಹಿಡೀರ್ರಿ!”

ಗ್ಯಾಲರಿ ನಕ್ಕಿತು. ನಗದೆ ಇನ್ನೇನು ಮಾಡೀತು? ನನ್ನ ಪಕ್ಕ ಕಾಫಿ ಫ್ಲಾಸ್ಕ್ ಹಿಡಿದು ಕೂತಿದ್ದ ಹೆಂಗಸು ನನ್ನತ್ತ ತಿರುಗಿ, ಬಹಳ ಮರುಕದಿಂದಲೇ ಕೇಳಿದರು. “ಪಾಪ, ಯಾವೂರಿಂದ ಕರ್ಕೊಂಡು ಬಂದಿದೀರಿ? ಮೊದಲು ಈಜು ಕಲಿಸಬಾರದಿತ್ತಾ?”

ಹುಲಿಗೆಮ್ಮನಿಗೆ ಈಜು ಕಲಿಸುವುದೇ? ನನಗೆ ಸಿಟ್ಟೂ ಬಂತು, ಅಳುವೂ ಬಂತು. ಎರಡನ್ನೂ ನುಂಗಿಕೊಂಡು “ರಾಯಚೂರು” ಅಂದೆ.

“ರಾಯಚೂರಾ? ಅಲ್ಲಿ ಬಿಸಿಲು ಮಾತ್ರ ಇರೋದಲ್ವಾ? ನೀರಿದೆಯಾ?”

ಇದೆ ತಾಯಿ. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ಎರಡು ದೊಡ್ಡ ಹೊಳೆಗಳ ನಡುವೆ ಕೂತಿದ್ದೇವೆ. ಈಜಲು ಒಂದು ಜಾಗ ಇಲ್ಲ, ಅಷ್ಟೆ.

ನಮ್ಮೂರಿನಲ್ಲಿ ಒಂದು ಈಜು ಕ್ಲಬ್ ಇದೆ ಎಂದು ನಿಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಬೋರ್ಡ್ ಇದೆ, ಹುಡುಗ ಹುಡುಗಿಯರಿದ್ದಾರೆ, ಕೋಚ್ ಇದ್ದಾರೆ. ಕೊಳ ಒಂದಿಲ್ಲ. ಕೋಚ್ ಎಂದರೆ ಜಲೀಲ್ ಸಾಹೇಬರು. ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರರಾಗಿದ್ದು ನಿವೃತ್ತರಾದವರು. ಚಿಕ್ಕಂದಿನಲ್ಲಿ ಊರ ಕೆರೆಯಲ್ಲಿ ಈಜಿದವರು. ಈಗ ಆ ಕೆರೆಯಲ್ಲಿ ಜೊಂಡು ಬೆಳೆದು ಎಮ್ಮೆಗಳೂ ಇಳಿಯಲು ಯೋಚನೆ ಮಾಡುತ್ತವೆ. ಹಾಗಾಗಿ ಭಾನುವಾರ ಬಂತೆಂದರೆ ಸಾಹೇಬರು ಮಕ್ಕಳನ್ನು ಬಸ್ಸಿಗೆ ಹತ್ತಿಸಿಕೊಂಡು ಮಾನ್ವಿ ಕಡೆಯ ದೊಡ್ಡ ಕಾಲುವೆಗೆ ಹೋಗುತ್ತಾರೆ. ಕೃಷ್ಣೆ ಯಾಕೆ ಬೇಡ ಅಂದರೆ, ಅಲ್ಲಿ ಮೊಸಳೆಗಳಿವೆ. (ಮೊಸಳೆ ಬೆನ್ನು ಹತ್ತಿದರೆ ನಮ್ಮ ಟೈಮಿಂಗ್ ಸುಧಾರಿಸುತ್ತಿತ್ತು ಎನ್ನುವುದು ನನ್ನ ಮಗಳು ವಿದ್ಯಾಳ ಜೋಕು. ನನ್ನದಲ್ಲ.)

ವಿದ್ಯಾ ಆ ಕ್ಲಬ್ಬಿನ ಮೆಂಬರ್. ನನಗೆ ಮಾತ್ರ ಬಕೆಟ್ಟಿನಾಚೆಯ ನೀರೆಂದರೆ ಭಯ. ಆದರೂ ಹೆಣ್ಣುಮಕ್ಕಳ ಜೊತೆಗೆ ಹೆಂಗಸೊಬ್ಬರು ಇರಲಿ ಎಂದು ಬುತ್ತಿ ಕಟ್ಟಿಕೊಂಡು ಹೋಗುತ್ತಿದ್ದೆ. ದಂಡೆಯ ಮೇಲೆ ಕೂತು ಶಾಲೆಯ ಉತ್ತರ ಪತ್ರಿಕೆ ತಿದ್ದುತ್ತಿದ್ದೆ.

ಹುಲಿಗೆಮ್ಮ ಸಿಕ್ಕಿದ್ದು ಆ ಕಾಲುವೆಯಲ್ಲೇ. ಅಲ್ಲೇ ಹತ್ತಿರದ ಬಾಗಲವಾಡದ ಕೂಲಿ ಮನೆತನದ ಹುಡುಗಿ. ಮಾನ್ವಿಯ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು. ರಜೆಯಲ್ಲಿ ಅವ್ವನ ಜೊತೆ ಗದ್ದೆಯ ಕಳೆ ತೆಗೆಯಲು ಬರುತ್ತಿದ್ದಳು. ಒಂದು ಭಾನುವಾರ ನಮ್ಮ ಹುಡುಗರು ಸೆಳವಿನ ಜೊತೆ ಕೆಳಕ್ಕೆ ಈಜಿ, “ಎಷ್ಟು ಜೋರು!” ಎಂದು ತಮ್ಮನ್ನು ತಾವೇ ಹೊಗಳಿಕೊಳ್ಳುತ್ತಿದ್ದರು. ಲಂಗ ಎತ್ತಿ ಕಟ್ಟಿದ್ದ ಈ ಹುಡುಗಿ ಆಚೆ ದಂಡೆಯಿಂದ ಇಳಿದು, ಅದೇ ಸೆಳವಿಗೆ ಎದುರಾಗಿ ಈಜಿ, ಈಚೆ ಬಂದು, ದಂಡೆಯ ಮೇಲೆ ಬಿಟ್ಟಿದ್ದ ಕುಡುಗೋಲು ತಗೊಂಡು ಹಾಗೇ ವಾಪಸು ಹೋದಳು.

ಜಲೀಲ್ ಸಾಹೇಬರು ಬಾಯಲ್ಲಿದ್ದ ಸೀಟಿ ಊದುವುದನ್ನೇ ಮರೆತಿದ್ದರು.

ಅವ್ವ ಈರಮ್ಮನನ್ನು ಒಪ್ಪಿಸಲು ಬಹಳ ದಿನ ಹಿಡಿಯಿತು. “ಈಸಿದ್ರ ಏನ್ ಸಿಗ್ತದ್ರಿ? ನೀರಾಗ ಇಳದವ್ರು ಮ್ಯಾಲೆ ಬಂದ್ರ ಸಾಕು” ಎನ್ನುತ್ತಿದ್ದಳು. ಕೊನೆಗೆ ನನ್ನ ಮನೆಯಲ್ಲೇ ಇರುತ್ತಾಳೆ ಎಂದ ಮೇಲೆ ಬೇಸಿಗೆ ರಜೆಗೆ ಕಳಿಸಿದಳು. ವಿದ್ಯಾಳ ಹಳೆಯ ಸ್ವಿಮ್ಮಿಂಗ್ ಡ್ರೆಸ್ಸಿನ ಹೊಲಿಗೆ ಬಿಚ್ಚಿ ಹಿಗ್ಗಿಸಿಕೊಟ್ಟೆ. ಬೆಂಗಳೂರಿನಲ್ಲಿ ಟ್ರಯಲ್ಸ್ ಇತ್ತು. ಪ್ರತಿ ಸ್ಪರ್ಧೆಯಲ್ಲಿ ಮೊದಲ ಇಬ್ಬರು ರಾಷ್ಟ್ರಮಟ್ಟಕ್ಕೆ. ನಮ್ಮ ಜಿಲ್ಲೆಯಿಂದ ಅಲ್ಲಿಯವರೆಗೆ ಯಾರೂ ಹೋದದ್ದಿಲ್ಲ ಎಂದು ಸಾಹೇಬರು ದಿನಾ ಚಹಾ ಕುಡಿಯುವಾಗ ನೆನಪಿಸುತ್ತಿದ್ದರು.

ಎಲ್ಲ ಸರಿಯಿತ್ತು. ಕಾಲುವೆಯ ನೀರು ನಿಲ್ಲಿಸಿಬಿಟ್ಟರು!

ಬೇಸಿಗೆಯಲ್ಲಿ ನಿಲ್ಲಿಸುವುದು ಪ್ರತಿವರ್ಷದ ಪದ್ಧತಿ. ಪದ್ಧತಿಗೆ ನಮ್ಮ ಟ್ರಯಲ್ಸ್ ಗೊತ್ತಿರುತ್ತದೆಯೇ? ಆಗ ದೇವದುರ್ಗದ ಪರಿಚಯದವರೊಬ್ಬರು ಹೇಳಿದರು, ಊರ ಹೊರಗೆ ಗೌಡರೊಬ್ಬರ ತೋಟದಲ್ಲಿ ಭಾರಿ ಬಾವಿಯಿದೆ, ಎಂಥ ಬೇಸಿಗೆಗೂ ಬತ್ತಿಲ್ಲ ಅಂತ. ಬೆಳಗಿನ ಮೊದಲ ಬಸ್ಸಿಗೆ ಎಲ್ಲರೂ ಹೊರಟೆವು.

ಗೌಡರು ಸಜ್ಜನರಂತೆಯೇ ಇದ್ದರು. ಮಜ್ಜಿಗೆ ಕೊಡಿಸಿದರು. ಮಕ್ಕಳನ್ನು ಒಬ್ಬೊಬ್ಬರನ್ನಾಗಿ “ಯಾವೂರು? ಯಾರ ಪೈಕಿ?” ಎಂದು ಪ್ರೀತಿಯಿಂದಲೇ ವಿಚಾರಿಸಿದರು. ಹುಲಿಗೆಮ್ಮ ತನ್ನ ಊರು, ಅಪ್ಪನ ಹೆಸರು, ಓಣಿ ಎಲ್ಲ ಹೇಳಿದಳು. ವಿದ್ಯಾ ಆಗಲೇ ಮೆಟ್ಟಿಲಿಳಿದು ನೀರಿನಲ್ಲಿ ಒಂದು ಕಾಲಿಟ್ಟಿದ್ದಳು. ಗೌಡರು ಸಾಹೇಬರನ್ನು ಬದಿಗೆ ಕರೆದರು. ಬದಿಗೆ ಎಂದರೂ ನಮಗೆಲ್ಲ ಕೇಳಿಸುವಷ್ಟು ಹತ್ತಿರ.

“ಮಾಸ್ತರ, ಉಳದವ್ರು ಇಳೀಲಿ. ಆ ಹುಡುಗಿ ಮ್ಯಾಲೆ ಕುಂದರಲಿ. ನಂದೇನಿಲ್ರಿ, ಊರಾಗ ಮಂದಿ ಅಂತಾರ.”

ಗಮನಿಸಿದ್ದೀರಾ? ಇಂಥ ಮಾತು ಆಡುವವರದು ಯಾವತ್ತೂ ಏನೂ ಇರುವುದಿಲ್ಲ. ಎಲ್ಲ ಆ ‘ಮಂದಿ’ಯದೇ. ಆ ಮಂದಿಯನ್ನು ನಾನು ಇಷ್ಟು ವರ್ಷದಲ್ಲಿ ಒಮ್ಮೆಯೂ ಭೇಟಿಯಾಗಿಲ್ಲ.

ಸಾಹೇಬರು ದನಿ ಏರಿಸಲಿಲ್ಲ. “ಗೌಡ್ರ, ನಮ್ಮ ಟೀಮಿನಾಗ ನಂಬರ್ ಒನ್ ಆಕಿನೇ. ಆಕಿ ಮ್ಯಾಲೆ ಕುಂತ್ರ ಉಳದಾರು ಕೆಳಗಿಳದು ಏನ್ ಮಾಡಬೇಕ್ರಿ?” ಅಂದರು. ಆಮೇಲೆ ನಮ್ಮ ಕಡೆ ತಿರುಗಿ, “ನಡೀರಿ ಬೇಟಾ, ಬಸ್ಸಿನ ಟೈಮ್ ಆತು” ಅಂದರು.

ವಿದ್ಯಾ ನೀರಿನಿಂದ ಕಾಲು ತೆಗೆದಳು. ಟವೆಲ್ಲು ಮಡಚಿದರು. ಬಸ್ ಸ್ಟ್ಯಾಂಡಿನ ಬೇವಿನ ಗಿಡದ ಕೆಳಗೆ ಬುತ್ತಿ ಬಿಚ್ಚಿದೆವು. ಹುಲಿಗೆಮ್ಮ ರೊಟ್ಟಿ ಕೈಯಲ್ಲಿ ಹಿಡಿದು ಕೂತಿದ್ದಳು.

“ನನ್ನ ಸಲುವಾಗಿ ಎಲ್ಲಾರದೂ ಕೆಟ್ಟಿತಲ್ರಿ ಅಕ್ಕಾರ.”

ವಿದ್ಯಾ ಹೇಳಿದಳು: “ಬಿಡ ಲೇ. ಆ ನೀರಾಗ ಬರೇ ಕಪ್ಪಿ ಇದ್ದವು. ಒಂದು ನನ್ನ ಕಾಲ ಮ್ಯಾಲೇ ಕುಂತಿತ್ತು.” ಆಗ ಹುಲಿಗೆಮ್ಮ ಮೊದಲ ತುತ್ತು ತಿಂದಳು.

ಮುಂದಿನ ವಾರ ಸಾಹೇಬರು ಸೈಕಲ್ ಹತ್ತಿ ಊರ ಸುತ್ತ ಅಲೆದರು. ಯಾಪಲದಿನ್ನಿ ಕಡೆ ಕಲ್ಲು ಒಡೆದು ಬಿಟ್ಟ ಒಂದು ಹಳೆಯ ಕ್ವಾರಿ ಸಿಕ್ಕಿತು. ತುಂಬ ಹಸಿರು ನೀರು, ತಳವೇ ಕಾಣದು. ಪಕ್ಕದಲ್ಲಿ ಕಲ್ಲು ಒಡೆಯುತ್ತಿದ್ದವರು ಯಾರ ಪೈಕಿ ಎಂದು ಕೇಳಲಿಲ್ಲ. “ಮುಣಗಬ್ಯಾಡ್ರಿ, ನಮಗ ಪೊಲೀಸ್ರ ಕಾಟ” ಎಂದರು, ಅಷ್ಟೆ.

ಅಲ್ಲಿ ಒಂದು ಲಾಭವೂ ಆಯಿತು. ಕಾಲುವೆಯಲ್ಲಿ ಎದುರಿಗೆ ಗೋಡೆ ಇರುವುದಿಲ್ಲ. ಈಜಿದಷ್ಟೂ ದೂರ. ಕೊಳದಲ್ಲಾದರೆ ಗೋಡೆ ಮುಟ್ಟಿ, ನೀರಿನೊಳಗೇ ಲಾಗ ಹೊಡೆದು, ಕಾಲಿನಿಂದ ಒದ್ದು ಹಿಂದಕ್ಕೆ ತಿರುಗಬೇಕು. ಈ ಟರ್ನ್ ಗೊತ್ತಿಲ್ಲದವರು ಎಷ್ಟು ಜೋರಾಗಿ ಈಜಿದರೂ ಗೋಡೆಯ ಹತ್ತಿರ ಸೋಲುತ್ತಾರೆ. ಕ್ವಾರಿಯಲ್ಲಿ ನೆಟ್ಟಗೆ ಕಡಿದ ಬಂಡೆಯ ಗೋಡೆ ಇತ್ತು. ಸಾಹೇಬರು ಟರ್ನ್ ನೋಡಿದ್ದು ಪತ್ರಿಕೆಯ ಚಿತ್ರಗಳಲ್ಲಿ ಮಾತ್ರ. ಆದರೂ ನಮ್ಮ ಮನೆಯ ಹಾಲ್‌ನಲ್ಲಿ ಜಮಖಾನೆ ಹಾಸಿಸಿ, ಪೈಜಾಮ ಮಡಚಿ, ತಾವೇ ಲಾಗ ಹೊಡೆದು ತೋರಿಸಿದರು. ಮೂರನೆಯ ಲಾಗಕ್ಕೆ ನಮ್ಮ ಟೀಪಾಯಿ ಬಿತ್ತು. (ಸಾಹೇಬರ ಸೊಂಟದ ಸುದ್ದಿ ಬೇರೆಯೇ ಇದೆ.)

ಇಷ್ಟೆಲ್ಲ ಮಾಡಿ ಬೆಂಗಳೂರಿಗೆ ಹೋದರೆ, ರೈಲು ತಡ. ಸ್ಟೇಷನ್ನಿನಿಂದ ನೇರ ಕೊಳಕ್ಕೆ. ಒಮ್ಮೆ ನೀರಿಗಿಳಿದು ನೋಡುವುದಕ್ಕೂ ಸಮಯವಿಲ್ಲ. ಹುಲಿಗೆಮ್ಮ ಧುಮುಕಿದಳು, ಆಮೇಲೆ ಆದದ್ದನ್ನು ಆಗಲೇ ಹೇಳಿದ್ದೇನೆ.

ಅವಳನ್ನು ಆ ಸ್ಪರ್ಧೆಯಿಂದ ತೆಗೆದರು. ಬಟ್ಟೆ ಬದಲಿಸುವ ಕೋಣೆಯ ಮೂಲೆಯಲ್ಲಿ ಮೊಣಕಾಲಲ್ಲಿ ಮುಖ ಹುದುಗಿಸಿ ಕೂತಿದ್ದಳು.

“ನಾ ಊರಿಗೆ ಹೋಗ್ತೀನ್ರಿ ಅಕ್ಕಾರ.”

“ಏನಾತವ್ವಾ? ಕಾಲು ಹಿಡಕೊಂತೇನು?”

“ಇಲ್ರಿ. ಕೆಳಗ ನೆಲ ಕಾಣಸ್ತು. ಮುಂದ ಹೋದಂಗ ಅದು ಒಮ್ಮಿಗಿಲೇ ಆಳಕ್ಕ ಹೋತು. ಮಾಳಗಿ ಮ್ಯಾಲಿಂದ ಯಾರೋ ದೂಕಿದಂಗ ಆತ್ರಿ. ನಮ್ಮ ಕಡಿ ನೀರಾಗ ನೀರೇ ಕಾಣಸ್ತದ. ಇದು ಗಾಳ್ಯಾಗ ತೂಗುಹಾಕಿದಂಗ ಅದ.”

ಹುಟ್ಟಿದಂದಿನಿಂದ ಕೆಂಪು ಕಾಲುವೆಯಲ್ಲಿ, ಹಸಿರು ಕ್ವಾರಿಯಲ್ಲಿ ಈಜಿದ ಮಗು. ತಳ ಕಾಣುವಷ್ಟು ತಿಳಿಯಾದ ನೀರಿನಲ್ಲಿ ಅವಳು ಇಳಿದದ್ದೇ ಅದು ಮೊದಲು. ಇದು ನಮಗ್ಯಾರಿಗೂ ಹೊಳೆದಿರಲಿಲ್ಲ. ಹೊಳೆಯಲು ನಾವ್ಯಾರಾದರೂ ಅಂಥ ನೀರು ಕಂಡಿದ್ದರೆ ತಾನೇ?

ಮರುದಿನ ಅವಳಿಗೆ ನಾನೂರು ಮೀಟರ್ ಸ್ಪರ್ಧೆಯೂ ಇತ್ತು. ಅದೇ ಸಂಜೆ ಪ್ರಾಕ್ಟೀಸಿಗೆ ಕೊಳ ಬಿಟ್ಟರು. ಹುಲಿಗೆಮ್ಮ ದಡದಲ್ಲೇ ನಿಂತಳು. ಸಾಹೇಬರು ಪುಸಲಾಯಿಸಿದರು, ಗದರಿಸಿದರು, ಸೋತು ಬೆಂಚಿನ ಮೇಲೆ ಕೂತರು.

ವಿದ್ಯಾಳ ಸ್ಪರ್ಧೆ ಆಗಲೇ ಮುಗಿದಿತ್ತು. ಬ್ರೆಸ್ಟ್ ಸ್ಟ್ರೋಕ್‌ನಲ್ಲಿ ಐದನೆಯವಳು. ಅವಳ ಟ್ರಯಲ್ಸ್ ಅಲ್ಲಿಗೆ ಖತಂ. ಬೆಳಗಿನಿಂದ ನನ್ನ ಜೊತೆಯೂ ಸರಿಯಾಗಿ ಮಾತಾಡಿರಲಿಲ್ಲ. ಅಂಥವಳು ಎದ್ದು ಹೋಗಿ ಕೊಳಕ್ಕೆ ಹಾರಿದಳು. ತಳದವರೆಗೂ ಹೋಗಿ ಮುಟ್ಟಿ ಮೇಲೆ ಬಂದಳು.

“ಲೇ ಹುಲಿಗೀ, ಕೆಳಗ ಬರೇ ಫರಸಿ ಹಾಸ್ಯಾರ. ನಮ್ಮ ಅಡಗಿ ಮನಿಯಾಗ ಇದ್ದಂಗ ಅದ. ಬಾ, ಮುಟ್ಟಿ ಬರೂಣು.”

“ಬಿದ್ರ?”

“ಬಿದ್ರ ಕೂಡೇ ಬೀಳೂಣು. ಕೈ ಕೊಡು.”

ಹುಲಿಗೆಮ್ಮ ಕೈ ಕೊಟ್ಟಳು. ಇಬ್ಬರೂ ಮುಳುಗಿದರು. ದಡದಲ್ಲಿ ನಾನು ಉಸಿರು ಕಟ್ಟಿ ನಿಂತೆ, ನಾನು ಉಸಿರು ಬಿಗಿಹಿಡಿದರೆ ಅವರಿಗೆ ಉಪಯೋಗವಾಗುತ್ತದೆ ಎಂಬಂತೆ. ಮೇಲೆ ಬಂದಾಗ ಹುಲಿಗೆಮ್ಮನ ಕೈಯಲ್ಲಿ ಯಾರೋ ಕಳೆದುಕೊಂಡಿದ್ದ ಹೇರ್‌ಪಿನ್ ಇತ್ತು. ಅದನ್ನು ಎತ್ತಿ ಹಿಡಿದು ನಕ್ಕಳು. ಆಮೇಲೆ ಒಬ್ಬಳೇ ಮುಳುಗಿದಳು. ಆಮೇಲೆ ಮುಖ ಕೆಳಗೆ ಹಾಕಿ ಸುಮ್ಮನೆ ತೇಲಿದಳು. ಬಹಳ ಹೊತ್ತು.

“ಏನ್ ಕಾಣಸ್ತದ ಬೇಟಾ?” ಸಾಹೇಬರು ದಡದಿಂದ ಕೂಗಿದರು.

“ಕೆಳಗ ನನ್ನ ನೆಳ್ಳು ಕಾಣಾಕತ್ತದ್ರಿ. ನನ್ನ ಜೋಡಿನೇ ಈಸಾಕತ್ತದ.”

ಮರುದಿನ ಬೆಳಿಗ್ಗೆ ನಾನೂರು ಮೀಟರ್. ಅವಳ ಮೊದಲ ಟರ್ನ್ ನೋಡುವಂತಿರಲಿಲ್ಲ. ಗೋಡೆಯನ್ನು ಓರೆಯಾಗಿ ಒದ್ದದ್ದಕ್ಕೆ ಪಕ್ಕದ ಹಗ್ಗಕ್ಕೆ ಭುಜ ತಾಗಿತು. ಎಲ್ಲರಿಗಿಂತ ಹಿಂದೆ ಬಿದ್ದಳು. ಕೊಳದ ನಡುವೆ, ಹಿಂದಿನ ದಿನ ನಿಂತ ಜಾಗ ಬಂದಾಗಲೆಲ್ಲ ಸಾಹೇಬರು ಕಣ್ಣು ಮುಚ್ಚುತ್ತಿದ್ದರು. ಅವಳು ನಿಲ್ಲಲಿಲ್ಲ. ಅರ್ಧ ದಾರಿ ಕಳೆದ ಮೇಲೆ ಬೆಂಗಳೂರಿನ ಹುಡುಗಿಯರ ಕೈ ಸೋಲತೊಡಗಿತು. ಹುಲಿಗೆಮ್ಮನದು ಸೋಲಲಿಲ್ಲ. ಸೆಳವಿಗೆ ಎದುರು ಈಜಿ ಬೆಳೆದ ಕೈಗೆ ನಿಂತ ನೀರು ಯಾವ ಲೆಕ್ಕ? ಒಬ್ಬೊಬ್ಬರನ್ನೇ ದಾಟುತ್ತ ಬಂದಳು. ಕೊನೆಯ ಉದ್ದದಲ್ಲಿ ಮೂವರು ಒಟ್ಟಿಗೇ ಗೋಡೆ ಮುಟ್ಟಿದ ಹಾಗೆ ಕಂಡಿತು.

ತೀರ್ಪುಗಾರರು ತಲೆ ಸೇರಿಸಿ ಮಾತಾಡಿದರು. ಮೈಕಿನಲ್ಲಿ ಎರಡನೆಯ ಹೆಸರು ಹೇಳಿದರು. ಹುಲಿಗೆಮ್ಮ ಅನ್ನಲು ಬಾರದೆ ‘ಹುಳಿಗಮ್ಮ’ ಅಂದರು. ಅಂದರೇನು, ಅಂದರಲ್ಲ!

ಸಾಹೇಬರು ಕರ್ಚೀಫು ತೆಗೆದು ಸ್ಟಾಪ್ ವಾಚ್ ಒರೆಸುತ್ತಲೇ ಇದ್ದರು. ಅದು ಒದ್ದೆಯಾಗಿರಲೇ ಇಲ್ಲ. ಎಲ್ಲರಿಗಿಂತ ಮೊದಲು ಹುಲಿಗೆಮ್ಮನನ್ನು ತಬ್ಬಿಕೊಂಡವಳು ಐದನೆಯ ಸ್ಥಾನದ ನನ್ನ ಮಗಳು. ಆ ಗಳಿಗೆಯಲ್ಲಿ ನನಗೆ ಯಾರು ಗೆದ್ದರೆಂದು ಹೆಚ್ಚು ಸಂತೋಷವಾಯಿತೋ ನನಗೇ ತಿಳಿಯಲಿಲ್ಲ.

ಮೊನ್ನೆ ಭಾನುವಾರ ಬಾಗಲವಾಡಕ್ಕೆ ಹೋಗಿದ್ದೆ. ರಾಷ್ಟ್ರಮಟ್ಟದ ಸ್ಪರ್ಧೆ ದೂರದ ಊರಿನಲ್ಲಿ, ಮೊದಲು ಅಲ್ಲೇ ಕೆಲವು ವಾರ ತರಬೇತಿ. ಈರಮ್ಮ ಒಪ್ಪಬೇಕಲ್ಲ. ಅವಳು ಗದ್ದೆಯಿಂದ ಆಗಷ್ಟೇ ಬಂದು ಕಾಲು ತೊಳೆಯುತ್ತಿದ್ದಳು. ನನಗೆ ಚಾಪೆ ಹಾಕಿ, ತಾನು ಹೊಸ್ತಿಲ ಹತ್ತಿರ ಕೂತು ಒಂದೊಂದೇ ಕೇಳಿದಳು. ಜೊತೆಗೆ ಯಾರಿರುತ್ತಾರೆ? ರೊಟ್ಟಿ ಸಿಗುತ್ತದೆಯೇ? ಜ್ವರ ಬಂದರೆ? ನಾನು ಒಂದೊಂದಕ್ಕೂ ಉತ್ತರ ಹೇಳಿದೆ.

ಕೊನೆಗೆ ದನಿ ತಗ್ಗಿಸಿ ಕೇಳಿದಳು. “ಅಲ್ಲಿ ನೀರು ಯಾರದ್ರೀ ಅಕ್ಕಾರ? ಇಳಿಯಾಕ ಯಾರನ್ನ ಕೇಳಬೇಕ್ರಿ?”

“ಯಾರನ್ನೂ ಕೇಳೋದು ಬ್ಯಾಡ ಈರಮ್ಮ. ಅಲ್ಲಿ ಯಾರೂ ಏನೂ ಅನ್ನಂಗಿಲ್ಲ.”

ಈರಮ್ಮ ನನ್ನತ್ತ ಸರಿದು ಕೂತಳು.

“ಹಂಗಿದ್ರ ಆಕಿ ಹೊಳ್ಳಿ ಯಾಕ ಬರಬೇಕ್ರಿ?”