“ಅರ್ಥ ಆಗಿಲ್ಲ ಸಾರ್” ಅನ್ನಲು ಕಲಿಸಿದ ಗಂಟೆಯಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಶಾಲೆಯ ಮೂಲೆ ಕೋಣೆಯಲ್ಲಿ ಒಬ್ಬ ಹೆಂಗಸು ಬೆಂಚಿನ ಮೇಲೆ ಬೆಂಚಿಟ್ಟು ಹತ್ತಿ, ಕಿಟಕಿಗೆ ಹಳೇ ಕಂಬಳಿ ಕಟ್ಟುತ್ತಿದ್ದಾರೆ. ಬಾಯಲ್ಲಿ ದಾರ, ಕೈಯಲ್ಲಿ ಮೊಳೆ. ಇವರ ಕಥೆ ಬರೆಯಲು ಬಂದ ನಾನು ಕೆಳಗಿನ ಬೆಂಚನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತೇನೆ. “ಹುಷಾರು ಅಕ್ಕಾ, ಬಿದ್ದೀರಿ” ಅಂದರೆ, ದಾರ ಕಚ್ಚಿಕೊಂಡೇ ಉತ್ತರ ಬರುತ್ತದೆ: “ನಾನು ಬಿದ್ರೆ ಎದ್ದೇಳ್ತೀನಿ. ಗೋಡೆ ಮೇಲೆ ಬಿಸಿಲು ಬಿದ್ರೆ ಮೇಷ್ಟ್ರ ಮೂಗೇ ಕಾಣಲ್ಲ.”

ಗೋಡೆಯ ಮೇಲೆ ಮೇಷ್ಟ್ರೇ? ಹೌದು ಮತ್ತೆ. ಈ ಶಾಲೆಗೆ ಗಣಿತ ಹೇಳಿಕೊಡುವವರು ಇರುವುದು ದೂರದ ಪಟ್ಟಣದಲ್ಲಿ. ದಿನಾ ಬೆಳಿಗ್ಗೆ ವಿಡಿಯೊ ಕರೆಯಲ್ಲಿ ಬರುತ್ತಾರೆ. ಪ್ರೊಜೆಕ್ಟರು ಅವರನ್ನು ಸುಣ್ಣದ ಗೋಡೆಯ ಮೇಲೆ ಆಳೆತ್ತರಕ್ಕೆ ಮೂಡಿಸುತ್ತದೆ. ಮಕ್ಕಳ ಬಾಯಲ್ಲಿ ಅವರು ‘ಗೋಡೆ ಮೇಷ್ಟ್ರು’. ಕಂಬಳಿ ಕಟ್ಟುತ್ತಿರುವವರು ಶಾಲೆಯ ಆಯಾ. ಗುಡಿಸುವುದು, ನೀರು ತುಂಬಿಸುವುದು, ಗಂಟೆ ಹೊಡೆಯುವುದು ಅವರ ಕೆಲಸ. ಅದಕ್ಕೇ ‘ಗಂಟೆಯಕ್ಕ’.

ಗೋಡೆ ಮೇಷ್ಟ್ರ ಪಾಠ ಶುರುವಾದ ಮೊದಲ ವರ್ಷ ಹತ್ತನೇ ತರಗತಿಯ ಮುಕ್ಕಾಲು ಪಾಲು ಮಕ್ಕಳು ಗಣಿತದಲ್ಲಿ ಡುಮ್ಕಿ ಹೊಡೆದರು. ಮೇಲಿನವರಿಂದ ಖಡಕ್ಕಾಗಿ ಮಾತು ಬಂತು. ಇನ್ನೊಂದು ವರ್ಷ ಹೀಗೇ ಆದರೆ ಇಲ್ಲಿನ ಹತ್ತನೇ ತರಗತಿಗೆ ಬೀಗ, ಮಕ್ಕಳು ದೊಡ್ಡ ಶಾಲೆಗೆ ಹೋಗಲಿ. ದೊಡ್ಡ ಶಾಲೆಗೆ ಹೋಗಬೇಕೆಂದರೆ ಎರಡು ಬಸ್ಸು ಬದಲಿಸಬೇಕು. ಆಗ ಗಂಟೆಯಕ್ಕನ ಕಿರಿಮಗಳು ಎಂಟು ಮುಗಿಸಿ ಒಂಬತ್ತಕ್ಕೆ ಬಂದಿದ್ದಳು.

“ನಮ್ ದೊಡ್ಡೋಳ ಕಾಲದಲ್ಲಿ ಇಲ್ಲಿ ಹತ್ತನೇ ಕ್ಲಾಸೇ ಇರ್ಲಿಲ್ಲ. ಅಷ್ಟು ದೂರ ಹೇಗೆ ಕಳ್ಸೋದು ಅಂತ ಬಿಡಿಸ್ಬಿಟ್ಟೆ. ಈಗ ಬಟ್ಟೆ ಹೊಲಿಯೋ ಕೆಲಸಕ್ಕೆ ಹೋಗ್ತಾಳೆ. ಒಂದು ದಿನ ಒಂದು ಮಾತು ಅಂದಿಲ್ಲ ಪಾಪ. ಅಂದಿದ್ರೆ ಚೆನ್ನಾಗಿತ್ತು,” ಎನ್ನುತ್ತಾ ಗಂಟೆಯಕ್ಕ ಬೆಂಚಿನಿಂದ ಇಳಿಯುತ್ತಾರೆ. “ಸಣ್ಣೋಳಿಗೂ ಅದೇ ಗತಿ ಆಗ್ಬಾರ್ದು. ಅಷ್ಟೇ ನನ್ನ ಹಟ.”

ಹಟವೇನೋ ಸರಿ, ಗಣಿತ? “ಅಯ್ಯೋ, ನಂದು ಏಳನೇ ಕ್ಲಾಸು. ಎಕ್ಸು ವೈಯಿ ಕಂಡ್ರೆ ತಲೆ ಗಿರ್ ಅನ್ನುತ್ತೆ!” ಆದರೆ ವರಾಂಡ ಗುಡಿಸುವಾಗ ಅವರ ಕಿವಿ ಕೋಣೆಯೊಳಗೇ ಇರುತ್ತಿತ್ತು. ಗೋಡೆ ಮೇಷ್ಟ್ರು “ಅರ್ಥ ಆಯ್ತಾ?” ಅನ್ನುವುದು. ಇಡೀ ತರಗತಿ ರಾಗ ಎಳೆದು “ಆಯ್ತು ಸಾಆಆರ್” ಅನ್ನುವುದು. ಮರುಕ್ಷಣವೇ ಒಬ್ಬರಿಗೊಬ್ಬರು “ಲೇ, ಏನಂದ್ರೋ?” ಅಂತ ಪಿಸುಗುಟ್ಟುವುದು. ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗೆ. ಆ ಕಡೆ ಮೇಷ್ಟ್ರಿಗೆ ಕಾಣುತ್ತಿದ್ದದ್ದು ಮುಂದಿನ ಸಾಲಿನ ತಲೆಗಳು, ಕೇಳುತ್ತಿದ್ದದ್ದು ಫ್ಯಾನಿನ ಗರಗರ ಮತ್ತು ಆ ರಾಗ. ಗೋಡೆಗೂ ಕಿವಿ ಇರುತ್ತದೆ ಅನ್ನುತ್ತಾರಲ್ಲ, ಈ ಗೋಡೆಗೆ ಇದ್ದದ್ದು ಬಾಯಿ ಮಾತ್ರ.

ಹೋದ ವರ್ಷ ಒಂದು ದಿನ ಗಂಟೆಯಕ್ಕನಿಗೆ ತಡೆಯಲಾಗಲಿಲ್ಲ. ಕೈಯಲ್ಲಿ ಪೊರಕೆ ಇದ್ದಂತೆಯೇ ಒಳಗೆ ನುಗ್ಗಿ ಮೈಕಿಗೆ ಬಾಯಿ ಹಚ್ಚಿದರು. “ಸಾರ್, ಸುಳ್ಳು ಸಾರ್! ಒಬ್ರಿಗೂ ಅರ್ಥ ಆಗಿಲ್ಲ!”

ಗೋಡೆಯ ಮೇಲಿನ ಮುಖ ಕನ್ನಡಕ ಸರಿಮಾಡಿಕೊಂಡಿತು. “ನೀವ್ಯಾರಮ್ಮ?”

“ಗಂಟೆ ಹೊಡೆಯೋಳು ಸಾರ್.”

“ಮಾನ ತೆಗೆದ್ಬಿಟ್ರಲ್ಲ ಅಕ್ಕಾ,” ಅಂತ ಮಕ್ಕಳು ಮುಖ ಊದಿಸಿಕೊಂಡರು. ಮೇಷ್ಟ್ರು ಮಾತ್ರ ದೊಡ್ಡ ಮನುಷ್ಯ. “ಇಲ್ಲಿಂದ ನಂಗೆ ಯಾರ ಮುಖಾನೂ ಕಾಣಲ್ಲಮ್ಮ. ನಾಳೆಯಿಂದ ಪೊರಕೆ ಹೊರಗಿಟ್ಟು ನೀವು ಒಳಗೇ ಇರಿ,” ಅಂದರು. ಹೆಡ್ ಮೇಡಂ ಕೂಡ ಹೂಂ ಅಂದು, ಗುಡಿಸುವ ಕೆಲಸವನ್ನು ಮಧ್ಯಾಹ್ನಕ್ಕೆ ಹಾಕಿಕೊಟ್ಟರು.

ಅಲ್ಲಿಂದ ಕೋಣೆಯ ಚಹರೆಯೇ ಬದಲಾಯಿತು. ಮೇಜಿನ ಮೇಲಿದ್ದ ಕ್ಯಾಮೆರಾ ಬೀರುವಿನ ನೆತ್ತಿಗೆ ಏರಿತು. ಬೆಂಚುಗಳು ಅರ್ಧಚಂದ್ರಾಕಾರಕ್ಕೆ ಬಂದವು. ಗರಗರ ಅನ್ನುತ್ತಿದ್ದ ಫ್ಯಾನು ನಿಂತಿತು. ಸೆಕೆ ಅಂತ ಗೊಣಗಿದವರಿಗೆ “ಫ್ಯಾನು ಬೇಕಾ, ಪಾಠ ಬೇಕಾ?” ಅಂತ ಒಂದೇ ಪ್ರಶ್ನೆ. ಉಗ್ರಾಣದಲ್ಲಿ ಧೂಳು ತಿನ್ನುತ್ತಿದ್ದ ಸ್ಲೇಟುಗಳನ್ನು ತೊಳೆದು ಹಂಚಿದರು. ಉತ್ತರ ಬರೆದು ಎತ್ತಿ ಹಿಡಿದರೆ ಮೇಷ್ಟ್ರಿಗೆ ಎಲ್ಲರದ್ದೂ ಕಾಣುತ್ತದಲ್ಲ!

ಆಮೇಲೆ ಆದದ್ದೇ ಎಡವಟ್ಟು. ಗೋಡೆಯ ಮೂಲೆಯಲ್ಲಿ ತಮ್ಮದೇ ತರಗತಿಯ ಚಿತ್ರ ಚಿಕ್ಕದಾಗಿ ಕಾಣುತ್ತದೆ. ಅದರಲ್ಲಿ ಸ್ಲೇಟಿನ ಅಂಕಿಗಳೆಲ್ಲ ಕನ್ನಡಿಯೊಳಗಿನ ಹಾಗೆ ಉಲ್ಟಾ! ಮೇಷ್ಟ್ರಿಗೂ ಹೀಗೇ ಕಾಣುತ್ತದೆಂದುಕೊಂಡ ಗಂಟೆಯಕ್ಕ, ಸಂಜೆ ಮಕ್ಕಳನ್ನು ಕೂರಿಸಿಕೊಂಡು ಅಂಕಿಗಳನ್ನೆಲ್ಲ ತಿರುಗುಮುರುಗಾಗಿ ಬರೆಯುವುದನ್ನು ಅಭ್ಯಾಸ ಮಾಡಿಸಿದರು. ಅಸಲಿಗೆ ಆ ಉಲ್ಟಾ ಕಾಣುವುದು ನಮಗೆ ಮಾತ್ರ, ಆ ಕಡೆಯವರಿಗೆ ನೆಟ್ಟಗೇ ಕಾಣುತ್ತದೆ. ಮಾರನೇ ದಿನ ಸ್ಲೇಟುಗಳು ಎದ್ದವು. ಮೇಷ್ಟ್ರು ಕಣ್ಣುಜ್ಜಿಕೊಂಡು, “ನನ್ನ ಕಣ್ಣು ಕೆಟ್ಟಿದ್ಯೋ, ನಿಮ್ ತಲೆ ಕೆಟ್ಟಿದ್ಯೋ?” ಅಂದರು. ವಿಷಯ ತಿಳಿದ ಮೇಲೆ ಹೊಟ್ಟೆ ಹುಣ್ಣಾಗುವಷ್ಟು ನಕ್ಕರು.

ನಕ್ಕವರು ಸುಮ್ಮನಾಗಲಿಲ್ಲ. ಒಳಗೆ ಹೋಗಿ ಗಡ್ಡ ಬೋಳಿಸಿಕೊಳ್ಳುವ ಕನ್ನಡಿ ತಂದರು. ಪರದೆಗೆ ಬೆನ್ನು ಹಾಕಿ, ಕನ್ನಡಿಯಲ್ಲಿ ಒಂದೊಂದೇ ಸ್ಲೇಟು ನೋಡಿ ಓದಿದರು. “ಯಾವ ಮಗು ಎಲ್ಲಿ ಎಡವ್ತಿದೆ ಅಂತ ಮೊದಲನೇ ಸಲ ಗೊತ್ತಾಗ್ತಿದೆ ಕಣಮ್ಮ,” ಅಂದಾಗ ಅವರ ದನಿ ಬೇರೆಯೇ ಆಗಿತ್ತಂತೆ. ಅಂದಿನಿಂದ ಅಂಕಿಗಳು ನೆಟ್ಟಗಾದವು, ಸ್ಲೇಟು ಮಾತ್ರ ಉಳಿಯಿತು. ‘ಆಯ್ತು ಸಾರ್’ ರಾಗಕ್ಕೆ ಗಂಟೆಯಕ್ಕ ಕಟ್ಟುನಿಟ್ಟಾಗಿ ಬಾಗಿಲು ಹಾಕಿದರು. “ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅನ್ನೋಕೆ ನಾಚಿಕೆ ಯಾಕೆ? ನಾನು ಇಡೀ ಕ್ಲಾಸಿಗೆ ಉಲ್ಟಾ ಬರೆಸಿದೋಳು. ನಂಗೇ ನಾಚಿಕೆ ಇಲ್ಲ!”

ಈ ಸಲದ ಫಲಿತಾಂಶ ಬಂದ ದಿನ ಹೆಡ್ ಮೇಡಂ ಫೋನು ಹಿಡಿದುಕೊಂಡೇ ವರಾಂಡಕ್ಕೆ ಓಡಿ ಬಂದರು. ಹತ್ತನೇ ತರಗತಿಯ ಅಷ್ಟೂ ಮಕ್ಕಳು ಗಣಿತದಲ್ಲಿ ಪಾಸು! ತರಗತಿ ಮುಚ್ಚುವ ಮಾತು ಅಲ್ಲಿಗೇ ಮುಚ್ಚಿಹೋಯಿತು. ಗಂಟೆಯಕ್ಕ ಸೀದಾ ಹೋಗಿ ಗಂಟೆ ಹೊಡೆಯತೊಡಗಿದರು, ಹೊಡೆದೇ ಹೊಡೆದರು. ಬೆಂಕಿಗಿಂಕಿ ಬಿತ್ತೇನೋ ಎಂದು ಬೀದಿಯವರು ಕೊಡ ಹಿಡಿದುಕೊಂಡು ಬಂದರು. ಹೊಲಿಗೆ ಕೆಲಸ ಬಿಟ್ಟು ಓಡಿ ಬಂದ ಹಿರಿಮಗಳು ಸುದ್ದಿ ಕೇಳಿ, ಇನ್ನೇನು ಹತ್ತಕ್ಕೆ ಕಾಲಿಡಲಿದ್ದ ತಂಗಿಯನ್ನು ತಬ್ಬಿಕೊಂಡು ಅತ್ತಳು.

ಇವತ್ತು ಹೊಸ ವರ್ಷದ ಪಾಠ. ನಿಮಗೇನಾದರೂ ಬೇಕೇ ಎಂದು ಕೇಳಿದರೆ ಗಂಟೆಯಕ್ಕ ಯೋಚಿಸುವುದೇ ಇಲ್ಲ. “ಮೈಕಿಗೆ ಇನ್ನೊಂಚೂರು ಉದ್ದನೇ ವೈರು. ಈಗಿರೋದು ಕೊನೇ ಬೆಂಚಿಗೆ ಸಾಲಲ್ಲ.”

ಗೋಡೆ ಬೆಳಗುತ್ತದೆ. ಮೇಷ್ಟ್ರು ಒಂದು ಲೆಕ್ಕ ಬಿಡಿಸಿ, ಸೀಮೆಸುಣ್ಣ ಕೆಳಗಿಟ್ಟು ಕೇಳುತ್ತಾರೆ, “ಅರ್ಥ ಆಯ್ತಾ?”

ರಾಗ ಏಳುವುದಿಲ್ಲ. ಕೊನೇ ಬೆಂಚಿನಲ್ಲಿ ಎರಡು ಜಡೆಯ ಹುಡುಗಿಯೊಬ್ಬಳು ಎದ್ದು ನಿಲ್ಲುತ್ತಾಳೆ. ಮೈಕು ಅವಳವರೆಗೆ ಬರುವುದಿಲ್ಲ. ಅವಳು ಕಾಯುವುದೂ ಇಲ್ಲ.

“ಇಲ್ಲ ಸಾರ್! ಅರ್ಥ ಆಗಿಲ್ಲ! ಇನ್ನೊಂದ್ಸಲ ಹೇಳಿ!”

ಮೇಷ್ಟ್ರು ನಗುತ್ತಾ ಬೋರ್ಡು ಒರೆಸಿ ಮೊದಲಿನಿಂದ ಶುರು ಮಾಡುತ್ತಾರೆ. ಗಂಟೆಯಕ್ಕ ನನ್ನ ಮೊಣಕೈ ತಿವಿಯುತ್ತಾರೆ.

“ಕೇಳಿಸ್ತಾ? ಅವಳೇ ನಮ್ ಸಣ್ಣೋಳು.”