ಕುರ್ಚಿಯ ಮೇಲೆ ಕೂತ ಚಿತ್ರ

ಕಳೆದ ವರ್ಷ ದೀಪಾವಳಿ ಪಾಡ್ಯ ಮುಗಿದ ಮೊದಲ ಭಾನುವಾರ ವಿಜಯಪುರದ ಒಂದು ಸಭಾಭವನದಲ್ಲಿ ಶುರುವಾಗಬೇಕಿದ್ದ ಚಿತ್ರಪ್ರದರ್ಶನ ಶುರುವಾಗಲಿಲ್ಲ. ಮರುದಿನ ಪತ್ರಿಕೆಗಳಲ್ಲಿ 'ಕಾರಣಾಂತರಗಳಿಂದ ಮುಂದೂಡಲಾಗಿದೆ' ಎಂದು ಬಂತು. ನಾನು ಕೆಲಸ ಮಾಡುವ ಪತ್ರಿಕೆಯಲ್ಲೂ ಹಾಗೇ ಬಂತು. ನಾನು ಬರೆದುಕೊಟ್ಟದ್ದು ಬೇರೆ ಇತ್ತು. ಆ ಬೆಳಿಗ್ಗೆ ನಾನು ಅಲ್ಲಿದ್ದೆ. ಕಾರಣ ಒಂದೇ ಇತ್ತು, ಅದನ್ನು ಎಲ್ಲರಿಗೂ ಕೇಳುವ ಹಾಗೆ ಹೇಳಲಾಗಿತ್ತು.

ಪ್ರದರ್ಶನ ಅಥಣಿ ರಸ್ತೆಯ ಚಿತ್ರಕಲಾ ಶಾಲೆಯದು. ಹೊಸ ಬಡಾವಣೆಗಳ ನಡುವೆ ಉಳಿದುಕೊಂಡ ಒಂದು ಹಳೆಯ ಗೋದಾಮಿನಲ್ಲಿ ಅದು ನಡೆಯುತ್ತದೆ. ಸರಕಾರದ್ದಲ್ಲ, ಯಾವ ದೊಡ್ಡ ಸಂಸ್ಥೆಯದ್ದೂ ಅಲ್ಲ. ಒಬ್ಬ ಮಾಸ್ತರರು ಶುರುಮಾಡಿದ್ದು. ಅವರ ಜೊತೆ ಹಳೆಯ ವಿದ್ಯಾರ್ಥಿಗಳೂ ಈಗ ಅಲ್ಲಿ ಕಲಿಸುತ್ತಾರೆ. ನನ್ನ ಮನೆ ಅದರ ಹಿಂದಿನ ಓಣಿಯಲ್ಲಿದೆ. ಊರಿಗೂ ಆ ಶಾಲೆಗೂ ಇರುವ ಸಂಬಂಧವನ್ನು ನನ್ನ ಕಿಟಕಿಯಿಂದಲೇ ನೋಡುತ್ತ ಬಂದಿದ್ದೇನೆ. ಗಣಪತಿ ಮಂಟಪಕ್ಕೆ ಪರದೆ ಬೇಕಾದಾಗ, ಮಂತ್ರಿಗಳು ಬರುವ ದಾರಿಗೆ ರಂಗೋಲಿ ಬೇಕಾದಾಗ, ಆಸ್ಪತ್ರೆಯ ಕಾಂಪೌಂಡಿಗೆ ನವಿಲು ಬೇಕಾದಾಗ ಯಾರೋ ಸ್ಕೂಟರಿನಲ್ಲಿ ಬರುತ್ತಾರೆ. ಕೆಳಗಿಳಿಯುವುದಿಲ್ಲ.

"ಮಾಸ್ತರ್ರ, ನಿಮ್ಮ ಹುಡುಗೂರ್ನ ಕಳಸ್ರಿ. ಬಣ್ಣಾ ನಿಮ್ಮದ ತರ್ರಿ ಮತ್ತ."

ಹುಡುಗರು ಹೋಗುತ್ತಾರೆ. ಅವರಿಗೆ ಚಹಾ, ಚುರುಮುರಿ ಸಿಗುತ್ತದೆ. ಸಮಾರಂಭದಲ್ಲಿ ಶಾಮಿಯಾನದವರ ಹೆಸರು ಹೇಳಿ ವಂದಿಸುತ್ತಾರೆ, ಇವರದ್ದು ಹೇಳಿದ್ದನ್ನು ನಾನು ಕೇಳಿಲ್ಲ. ವರದಿಗಾರನಾಗಿ ಅಂಥ ಸಮಾರಂಭಗಳಲ್ಲಿ ಕೊನೆಯವರೆಗೆ ಕೂತವನು ನಾನು.

ಶಾಲೆಯಲ್ಲಿ ಎರಡು ಪದ್ಧತಿಗಳಿವೆ. ಚಿತ್ರಕ್ಕೆ ಮಾದರಿಯಾಗಿ ಕೂಡುವವರು ಎಲ್ಲಿ, ಹೇಗೆ ಕೂಡಬೇಕೆಂದು ಅವರೇ ಹೇಳಬೇಕು. ಮತ್ತು ವರ್ಷದ ಪ್ರದರ್ಶನದ ದೀಪವನ್ನು ಹಾಗೆ ಕೂತವರಲ್ಲಿ ಒಬ್ಬರು ಹಚ್ಚಬೇಕು. ಟಾಂಗಾ ಹೊಡೆಯುವವರು ಹಚ್ಚಿದ್ದಾರೆ, ಬಳೆಗಾರ್ತಿ ಹಚ್ಚಿದ್ದಾರೆ. ಅವೆಲ್ಲ ಶಾಲೆಯ ಅಂಗಳದಲ್ಲೇ ಆದದ್ದರಿಂದ ಊರಿನ ದೊಡ್ಡವರು ನೋಡಲು ಬಂದಿರಲಿಲ್ಲ. ಕಳೆದ ವರ್ಷ ಚಿತ್ರಗಳಿಗೆ ಅಂಗಳ ಸಾಲಲಿಲ್ಲ. ಸಭಾಭವನದ ಅಧ್ಯಕ್ಷರು, "ನಮ್ಮಲ್ಲೇ ಮಾಡ್ರಿ" ಎಂದು ತಾವಾಗಿಯೇ ಕರೆದರು. ಅವರು ದ್ರಾಕ್ಷಿ ವ್ಯಾಪಾರಿ. ಟಿಕೋಟಾದ ಹತ್ತಿರ ಅವರ ಒಣದ್ರಾಕ್ಷಿ ಶೆಡ್ಡುಗಳಿವೆ.

ಅವರದೇ ಒಂದು ಶೆಡ್ಡಿನಲ್ಲಿ ಒಣದ್ರಾಕ್ಷಿಯ, ಅಂದರೆ ಮನೂಕದ, ಕಡ್ಡಿ, ಕಸ ಆರಿಸುವ ಹೆಂಗಸೊಬ್ಬರನ್ನು ಕಾಖಂಡಕಿಯ ಹುಡುಗಿಯೊಬ್ಬಳು ಬಿಡಿಸಿದ್ದಳು. ಅವಳದು ಶಾಲೆಯಲ್ಲಿ ಕೊನೆಯ ವರ್ಷ. ಕೆಲಸ ಮಾಡುತ್ತಿರುವಾಗಲೇ ಬಿಡಿಸುವ ಆಸೆಯಿಂದ ಹೋಗಿದ್ದಳು. ಆಕೆ ಒಪ್ಪಲಿಲ್ಲ.

"ಮನೂಕ ಆರಸೋದು ದಿನಾ ಇದ್ದದ್ದ ಯವ್ವಾ. ಅದನ್ನ ಯಾರ್ ನೋಡಬೇಕು? ನಮ್ಮ ಮನಿಗಿ ಬಾ, ಕುರ್ಚಿ ಮ್ಯಾಲೆ ಕೂಡ್ತೇನಿ."

ಹಾಗೇ ಆಯಿತು. ಹಸಿರು ಪ್ಲಾಸ್ಟಿಕ್ ಕುರ್ಚಿ, ಇಳಕಲ್ ಸೀರೆ, ಕುರ್ಚಿಯ ಎರಡೂ ತೋಳುಗಳ ಮೇಲೆ ಕೈ, ಹಿಂದಿನ ಗೋಡೆಯಲ್ಲಿ ಬುದ್ಧನ ಪಟ. ದೀಪ ಹಚ್ಚುವವರು ಇವರೇ ಎಂದು ಆಮಂತ್ರಣದಲ್ಲಿ ಅಚ್ಚಾಗಿತ್ತು. ಅಧ್ಯಕ್ಷರು ತಮ್ಮ ಹೆಸರಿದ್ದ ಸಾಲಿನವರೆಗೆ ಮಾತ್ರ ಓದಿದ್ದರೆಂದು ಕಾಣುತ್ತದೆ.

ಆ ಭಾನುವಾರ ಅವರು ಬಂದು, ಬಾಗಿಲೆದುರಿಗೇ ತೂಗುಹಾಕಿದ್ದ ಆ ಚಿತ್ರದ ಮುಂದೆ ನಿಂತರು.

"ಮಾಸ್ತರ್ರ, ಇಕಿ ನಮ್ಮ ಶೆಡ್ಡಿನಾಕಿ ಅಲ್ಲೇನ್ರಿ?"

"ಹೌದ್ರಿ. ಇವತ್ತ ದೀಪಾ ಅವರ ಹಚ್ಚತಾರ."

"ಚಾಷ್ಟಿ ಮಾಡಬ್ಯಾಡ್ರಿ," ಎಂದು ಅಧ್ಯಕ್ಷರು ನಕ್ಕರು.

"ಚಾಷ್ಟಿ ಅಲ್ರಿ. ಆಮಂತ್ರಣದಾಗ ಐತಲ್ಲ."

ನಗು ನಿಂತಿತು. "ನೋಡ್ರಿ, ನಾ ಜಾತಿ ಗೀತಿ ನೋಡಾಂವ ಅಲ್ಲ. ಆದ್ರ ಹಿಂಗ ಗೌಡಸಾನಿಗತೆ ಕುರ್ಚಿ ಏರಿ ಕುಂತಾಳಲ್ಲ, ನಾಳೆ ನಮ್ಮ ಶೆಡ್ಡಿನಾಗ ಕೆಳಗ ಯಾರ್ ಕೂಡ್ತಾರ? ಕೆಳಗ ಕುಂತು ಮನೂಕ ಆರಸಾಕತ್ತಿದ್ದು ಚಿತ್ರಾ ಬರಸ್ರಿ, ಅದು ಮನಸಿಗಿ ಹತ್ತತೈತಿ. ನಾನ ಕೊಂಡ್ಕೊಂತೇನಿ, ನಮ್ಮ ಮನ್ಯಾಗ ಹಾಕತೇನಿ. ಇದೊಂದು ಇಳಸ್ರಿ. ದೀಪಾ ನಾ ಹಚ್ಚತೇನಿ."

ಜಾತಿಯ ಮಾತನ್ನು ಅಲ್ಲಿಯವರೆಗೆ ಯಾರೂ ಎತ್ತಿರಲಿಲ್ಲ.

ಮಾಸ್ತರರು ಹುಡುಗಿಯ ಕಡೆ ನೋಡಿದರು. ಅವಳು, "ಇದು ಇಳದ್ರ ಎಲ್ಲಾ ಇಳೀಲಿರಿ ಸರ್" ಎಂದಳು. ವಿದ್ಯಾರ್ಥಿಗಳು ಮೊಳೆಗಳಿಂದ ಚಿತ್ರಗಳನ್ನು ತೆಗೆಯತೊಡಗಿದರು. ಆಗಲೇ ಆಟೋದಿಂದ ಚಿತ್ರದ ಹೆಂಗಸು ಇಳಿದರು, ಜೊತೆಗೆ ಅದೇ ಶೆಡ್ಡಿನಲ್ಲಿ ದುಡಿಯುವ ತಂಗಿ.

"ಯಾಕ ಯವ್ವಾ, ಎಲ್ಲಾ ಇಳಸಾಕತ್ತೀರಿ? ನಾ ತಡಾ ಮಾಡಿ ಬಂದ್ನೇನು?"

ಆಕೆ ಕೇಳಿದ್ದು ಹುಡುಗಿಯನ್ನು. ಅಧ್ಯಕ್ಷರೇ ಉತ್ತರಿಸಿದರು. "ಕಾರ್ಯಕ್ರಮ ಮುಂದ ಹಾಕ್ಯಾರ. ಮನಿಗಿ ನಡಿ."

ಆಕೆ ಚಿತ್ರವನ್ನು ನೋಡಿದರು, ಅವರನ್ನು ನೋಡಿದರು. ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

"ಸಾವಕಾರ್ರ, ನಾ ನನ್ನ ಮನ್ಯಾಗ ನನ್ನ ಕುರ್ಚಿ ಮ್ಯಾಲೆ ಕುಂತೇನ್ರಿ. ನಿಮ್ಮ ಕುರ್ಚಿ ಏನರ ಕೇಳೇನೇನು?"

ತಂಗಿ ಸೆರಗು ಜಗ್ಗಿದಳು. "ಸುಮ್ಕಿರ ಬೇ, ಕೆಲಸಾ ಹೋಗತೈತಿ."

ಚಿತ್ರದ ಒಂದು ತುದಿಯನ್ನು ಹುಡುಗಿ ಎತ್ತಿದಾಗ ಇನ್ನೊಂದನ್ನು ಆಕೆಯೇ ಹಿಡಿದು, ಚಿತ್ರಗಳನ್ನು ತಂದಿದ್ದ ಟೆಂಪೋದವರೆಗೆ ಹೊತ್ತರು.

ಸಭಾಭವನದಲ್ಲಿ ಆಗ ಊರಿನ ಗಣ್ಯರಿದ್ದರು: ಪ್ರಾಧ್ಯಾಪಕರು, ವೈದ್ಯರು, ವಕೀಲರು, ಮೂವರು ವರದಿಗಾರರು. ಅವರಲ್ಲಿ ಕೆಲವರ ಮಕ್ಕಳು ಬೇಸಿಗೆ ರಜೆಯಲ್ಲಿ ಇದೇ ಶಾಲೆಯಲ್ಲಿ ಬಣ್ಣ ಕಲಸಲು ಕಲಿತವರು. ಚಹಾ ತಯಾರಿತ್ತು, ಕುಡಿದರು. "ಮಾಸ್ತರು ಒಂಚೂರು ಹೊಂದ್ಕೊಂಡು ಹೋಗಬೇಕಿತ್ತು" ಎಂದು ಒಬ್ಬರು ಹೇಳಿದರು, ಉಳಿದವರು ತಲೆಯಾಡಿಸಿದರು. ಅಧ್ಯಕ್ಷರನ್ನು ಒಬ್ಬರೂ ಒಂದು ಪ್ರಶ್ನೆ ಕೇಳಲಿಲ್ಲ. ಕೇಳಿದವನು ನಾನೊಬ್ಬ. "ಇದು ಬರ್ಯೂದಲ್ರಿ" ಎಂದು ಅವರು ನನ್ನ ಭುಜ ತಟ್ಟಿದರು.

ನಾನು ಬರೆದುಕೊಟ್ಟ ವಾಕ್ಯ ಇದು: 'ಒಣದ್ರಾಕ್ಷಿ ಶೆಡ್ಡಿನ ಕೆಲಸಗಾರ್ತಿ ಕುರ್ಚಿಯ ಮೇಲೆ ಕೂತಿರುವ ಚಿತ್ರಕ್ಕೂ, ಅವರು ದೀಪ ಹಚ್ಚುವುದಕ್ಕೂ ಸಭಾಭವನದ ಅಧ್ಯಕ್ಷರು ಆಕ್ಷೇಪಿಸಿದ್ದರಿಂದ ಶಾಲೆಯವರು ಪ್ರದರ್ಶನವನ್ನು ಹಿಂತೆಗೆದುಕೊಂಡರು.' ಇದರಲ್ಲಿ ಸುಳ್ಳು ಪದ ಯಾವುದು ಎಂದು ಸುದ್ದಿಮನೆಯಲ್ಲಿ ಕೇಳಿದೆ. ಯಾವುದೂ ಇಲ್ಲ ಎಂದರು. 'ಕಾರಣಾಂತರ' ಎಂದು ಹಾಕಿದರು.

ಪ್ರದರ್ಶನ ಇನ್ನೂ ನಡೆದಿಲ್ಲ. ಯುಗಾದಿಯ ಕಾರ್ಯಕ್ರಮಕ್ಕೆ ವೇದಿಕೆಯ ಪರದೆ ಬರೆಯಲು ಹುಡುಗರನ್ನು ಕಳಿಸಿ ಎಂದು ಅದೇ ಸಭಾಭವನದಿಂದ ಶಾಲೆಗೆ ಫೋನ್ ಬಂತು, ಮಾಸ್ತರರು ಕಳಿಸಲಿಲ್ಲ. ಟಿಕೋಟಾದ ಶೆಡ್ಡುಗಳಲ್ಲಿ ಈ ಹಂಗಾಮಿನ ಕೆಲಸ ಶುರುವಾಗಿದೆ. ಅಧ್ಯಕ್ಷರ ಶೆಡ್ಡಿನವರು ಆಕೆಯನ್ನು ಕರೆದಿಲ್ಲ, ತಂಗಿಯನ್ನೂ ಕರೆದಿಲ್ಲ. ಇಬ್ಬರೂ ಈಗ ಬಬಲೇಶ್ವರದ ಕಡೆ ಬೇರೆಯವರ ಶೆಡ್ಡಿಗೆ ಹೋಗುತ್ತಾರೆ. ಮನೆ ಟಿಕೋಟಾದ ಹತ್ತಿರವೇ ಆದ್ದರಿಂದ, ದಿನವೂ ವಿಜಯಪುರದಲ್ಲಿ ಇಳಿದು ಬಸ್ಸು ಬದಲಿಸುತ್ತಾರೆ.