ಅಣ್ಣ ಕೊಡದ ಕರುಳು

ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ನನ್ನ ಸಣ್ಣ ಕರುಳು ಕಪ್ಪಾಗಿ ಹೋಗಿತ್ತು. ಮಣಿಪಾಲದಲ್ಲಿ ಅದನ್ನು ಕತ್ತರಿಸಿ ತೆಗೆದರು. ಆಮೇಲೆ ಕಾಪುವಿನ ನಮ್ಮ ಮನೆಯಲ್ಲಿ, ಎದೆಗೆ ಹಾಕಿದ್ದ ನಳಿಕೆಯಿಂದ ಇಳಿಯುವ ಬಿಳಿ ದ್ರಾವಣವೇ ನನ್ನ ಊಟವಾಯಿತು. ನನಗೆ ವಾಸನೆ ಬಾರದಿರಲೆಂದು ಅಮ್ಮ ಹಿತ್ತಲಲ್ಲಿ ಒಲೆ ಹೂಡಿ ಮೀನು ಬೇಯಿಸುತ್ತಿದ್ದಳು.

ದುಬೈಯಿಂದ ಬಂದ ಅಣ್ಣ ನನ್ನ ಕೈ ಹಿಡಿದು, "ಕರುಳಿನ ಒಂದು ತುಂಡು ಅಲ್ವಾ? ನಾನು ಕೊಡ್ತೇನೆ, ನೀನು ಹೆದರಬೇಡ ಮಾರಾಯ್ತಿ" ಅಂದ. ಪರೀಕ್ಷೆಗಳೆಲ್ಲ ಹೊಂದಿಕೆಯಾದವು. ಆದರೆ ಕರುಳಿನ ಕಸಿಗೆಂದು ಚೆನ್ನೈಯ ಆಸ್ಪತ್ರೆಗೆ ಹೊರಡಬೇಕೆನ್ನುವಾಗ, ಕಂಪೆನಿಯವರು ಕರೆದಿದ್ದಾರೆ ಎಂದು ವಿಮಾನ ಹತ್ತಿದ. ಮತ್ತೆ ನನ್ನ ಫೋನ್ ಎತ್ತಲಿಲ್ಲ. ಹೆದರಿದ್ದಾನೆಂದು ಅರ್ಥವಾಯಿತು. ಅದಕ್ಕೆ ನಾನು ಸಿಟ್ಟಾಗಲಿಲ್ಲ. ಹೊಟ್ಟೆ ಕೊಯ್ಯಿಸಿಕೊಳ್ಳುವುದು ಯಾರಿಗೂ ಸುಲಭವಲ್ಲ.

ಕೊನೆಗೆ, ಅಪಘಾತದಲ್ಲಿ ಮೆದುಳು ನಿಷ್ಕ್ರಿಯವಾದ ಯಾರದೋ ಕರುಳು ನನಗೆ ಸಿಕ್ಕಿತು. ಅವರ ಮನೆಯವರು ಒಪ್ಪಿದ್ದರು ಎಂಬುದಷ್ಟೇ ನನಗೆ ಗೊತ್ತು.

ಹೊಸ ಕರುಳು ಕೂಡಲೇ ದುಡಿಯಲಿಲ್ಲ. ತಿಂದದ್ದೆಲ್ಲ ನೀರಾಗಿ ಹೊಟ್ಟೆಯ ಪಕ್ಕಕ್ಕೆ ಅಂಟಿಸಿದ್ದ ಚೀಲಕ್ಕೆ ಇಳಿಯುತ್ತಿತ್ತು. "ಒಳಪದರ ಬೆಳೀಬೇಕು, ಆಮೇಲೆಯೇ ಅದು ಅನ್ನದ ಸಾರ ಹೀರೋದು" ಎಂದ ಡಾಕ್ಟರು, ಆ ಬೆಳವಣಿಗೆಗೆ ನೆರವಾಗುವ ಇಂಜೆಕ್ಷನ್ ಬರೆದುಕೊಟ್ಟರು. ಸೂಜಿ ಕಂಡರೆ ಮುಖ ತಿರುಗಿಸುತ್ತಿದ್ದ ಅಮ್ಮ ಅದನ್ನು ಚುಚ್ಚಲು ಕಲಿತಳು. ದಿನಾ ಬೆಳಿಗ್ಗೆ ಹೊಟ್ಟೆಗೆ ಚುಚ್ಚಿದ ಜಾಗವನ್ನು ಹತ್ತಿಯಿಂದ ಒತ್ತಿ ಹಿಡಿದು, "ನೋವಾಯ್ತಾ ಮಗಾ?" ಎಂದು ಕೇಳುತ್ತಿದ್ದಳು. ನಿಧಾನವಾಗಿ ಗಂಜಿ ದಕ್ಕಿತು, ಆಮೇಲೆ ಮೆತ್ತಗಿನ ಅನ್ನ. ನಳಿಕೆಯನ್ನೂ ತೆಗೆದರು.

ಅಷ್ಟರಲ್ಲಿ ಕಾರ್ಕಳದಲ್ಲಿ ಸೋದರತ್ತೆಯ ಗೃಹಪ್ರವೇಶ ಬಂತು. ರಜೆಗೆ ಬಂದಿದ್ದ ಅಣ್ಣನೂ ಅಲ್ಲಿದ್ದ. ಊಟಕ್ಕೆ ಮೊದಲು ಅತ್ತೆ ಎಲ್ಲರೆದುರು ಅವನಿಗೆ ಶಾಲು ಹೊದೆಸಿ, "ತಂಗಿಗೆ ಕರುಳು ಕೊಟ್ಟವ ಇವ. ಇಂಥ ಅಣ್ಣ ಯಾರಿಗುಂಟು?" ಅಂದರು. ಜನ ಚಪ್ಪಾಳೆ ತಟ್ಟಿದರು. ಅಣ್ಣ ತಲೆ ತಗ್ಗಿಸಿ ಕೈ ಮುಗಿದ. ಅಲ್ಲ ಎನ್ನಲಿಲ್ಲ.

ಅಮ್ಮನನ್ನು ಬದಿಗೆ ಕರೆದೆ. "ಎಂತಮ್ಮ ಇದು? ಯಾರು ಹೇಳಿದ್ದು ಇವರಿಗೆ?"

"ನಾನೇ. ಅವ ಬಿಟ್ಟುಹೋದ ಅಂತ ಹೇಳ್ಲಿಕ್ಕೆ ಆಗ್ತದಾ? ಅವನಿಗೂ ಮರ್ಯಾದೆ ಉಂಟಲ್ವಾ. ನೀನು ಹೇಗೂ ಬದುಕಿದ್ದಿ."

ನನ್ನನ್ನು ನೋಡಲು ಬಂದವರೆಲ್ಲ ಅಣ್ಣನನ್ನೇ ವಿಚಾರಿಸಿ ಹೋಗುತ್ತಿದ್ದುದು ಯಾಕೆಂದು ಆಗ ತಿಳಿಯಿತು. ಬೆಳಿಗ್ಗೆ ನನ್ನ ಹೊಟ್ಟೆ ಸವರಿದ ಅಮ್ಮ ಮಧ್ಯಾಹ್ನ ಫೋನಿನಲ್ಲಿ ಈ ಸುಳ್ಳನ್ನು ಹೇಳುತ್ತಿದ್ದಳು. ಅಣ್ಣ ಓಡಿದ್ದಕ್ಕಿಂತ ಇದು ಹೆಚ್ಚು ಉರಿಯಿತು.

ಚಾವಡಿಗೆ ಬಂದು, "ಅತ್ತೆ, ಕೊಟ್ಟದ್ದು ಅಣ್ಣ ಅಲ್ಲ. ತೀರಿಹೋದ ಒಬ್ಬರದ್ದು. ಅವರ ಹೆಸರು ಕೂಡ ನನಗೆ ಗೊತ್ತಿಲ್ಲ" ಅಂದೆ. ಅಣ್ಣ ಊಟಕ್ಕೆ ನಿಲ್ಲದೆ ಕಾರು ಹತ್ತಿದ. ಅಮ್ಮನೂ ಅವನ ಹಿಂದೆಯೇ ಹೋದಳು.

ಈಗ ಅವಳಿರುವುದು ಉಡುಪಿಯಲ್ಲಿ, ಅಣ್ಣ ದುಬೈ ದುಡ್ಡಿನಲ್ಲಿ ಕೊಂಡಿದ್ದ ಫ್ಲ್ಯಾಟಿನಲ್ಲಿ. ಆಗಾಗ ಫೋನ್ ಮಾಡಿ "ಊಟ ಆಯ್ತಾ?" ಎಂದು ಕೇಳುತ್ತಾಳೆ. "ಆಯ್ತು" ಅನ್ನುತ್ತೇನೆ. ಅಲ್ಲಿಗೆ ಅವಳು ಫೋನ್ ಇಡುತ್ತಾಳೆ.